ಎರಡು ಕೋಣೆಯ ಮನೆಯಲ್ಲಿ ನಲವತ್ತಮೂರು ಜನ

ಕಾಗದದ ಮೇಲೆ ನಾವು ನಲವತ್ತಮೂರು ಹೆಂಗಸರು ನಮ್ಮಣ್ಣನ ಎರಡು ಕೋಣೆಯ ಮನೆಯಲ್ಲಿ ವಾಸವಾಗಿದ್ದೇವೆ. ಒಬ್ಬರ ಮೇಲೊಬ್ಬರನ್ನು ಪೇರಿಸಿಟ್ಟರೂ ಅಲ್ಲಿ ಹಿಡಿಸುವುದಿಲ್ಲ. ನಿಜಕ್ಕೆ ನಾವಿರುವುದು ರೈಲಿನಲ್ಲಿ ಒಂದೂವರೆ ಗಂಟೆ ದೂರದ ಸಣ್ಣ ಊರಲ್ಲಿ. ಮಹಾನಗರದ ಹೋಟೆಲುಗಳು ನಗರದ ವಿಳಾಸವಿಲ್ಲದವರನ್ನು ಕೆಲಸಕ್ಕೆ ಸೇರಿಸಿಕೊಳ್ಳುವುದಿಲ್ಲ. ಅಣ್ಣ ಅಲ್ಲಿ ಮನೆ ಮಾಡಿದ್ದ. ಮೊದಲು ನಾನು ಅವನ ವಿಳಾಸ ಬರೆದೆ, ಆಮೇಲೆ ಪಕ್ಕದ ಮನೆಯವಳು, ಆಮೇಲೆ ಅವಳ ಓರಗಿತ್ತಿ. ಹೀಗೆ ಒಂದು ಬೋಗಿ ತುಂಬ ಜನ ಅವನ ಮನೆ ಸೇರಿದೆವು. "ಇಷ್ಟು ಜನಕ್ಕೆ ನೀರು ಕೊಡೋಕೆ ಲೋಟ ಎಲ್ಲಿಂದ ತರ್ಲಿ?" ಎಂದು ಅತ್ತಿಗೆ ನಗುತ್ತಿದ್ದಳು.

ನನ್ನ ಕೆಲಸ ಹೋಟೆಲಿನ ಚಾದರಗಳಿಗೆ ಇಸ್ತ್ರಿ ಹಾಕುವುದು. ತಮಾಷೆ ನೋಡಿ, ಅಂಥವೇ ಚಾದರಗಳು ಲಾರಿಯಲ್ಲಿ ನಮ್ಮೂರಿಗೂ ಬರುತ್ತವೆ, ನನ್ನ ಮನೆಯಿಂದ ಕೂಗಳತೆಯಲ್ಲಿರುವ ಲಾಂಡ್ರಿಗೆ. ಅದೇ ಚಾದರ, ಅದೇ ಇಸ್ತ್ರಿ, ಸಂಬಳ ಮಾತ್ರ ಅರ್ಧ. ಯಾಕೆಂದರೆ ನಗರದ ಸಂಬಳ ಕಡ್ಡಾಯವಾಗಿರುವ ಮಹಾನಗರ ವಲಯದ ಹೊರಗಿದೆ ನಮ್ಮೂರು. ಹಾಗಾಗಿ ಬೆಳಿಗ್ಗೆ ಚಾದರ ಈ ಕಡೆ ಬರುತ್ತದೆ, ನಾನು ಆ ಕಡೆ ಹೋಗುತ್ತೇನೆ. ನನ್ನ ರೈಲು ಹೊರಡುವಾಗ ಮಗಳು ಇನ್ನೂ ಮಲಗಿರುತ್ತಾಳೆ. ಎಂಟು ವರ್ಷದವಳು, ತಾನೇ ಎದ್ದು, ಜಡೆ ಹೆಣೆದುಕೊಳ್ಳಲು ಬಾರದೆ ಕೂದಲನ್ನು ರಬ್ಬರ್ ಬ್ಯಾಂಡಿನಲ್ಲಿ ಮುದುರಿಕೊಂಡು ಶಾಲೆಗೆ ಹೋಗುತ್ತಾಳೆ.

ಈ ವರ್ಷ ವಲಯದ ಗೆರೆಯನ್ನು ಹೊಸದಾಗಿ ಎಳೆಯುತ್ತಾರೆಂದು ಸುದ್ದಿ ಬಂತು. ಯಾವ ಊರಿನ ದುಡಿಯುವವರಲ್ಲಿ ಕಾಲು ಭಾಗ ಜನ ದಿನಾ ನಗರಕ್ಕೆ ಹೋಗಿ ಬರುತ್ತಾರೋ ಆ ಊರು ಒಳಗೆ. ಆಮೇಲೆ ಲಾಂಡ್ರಿಯೂ ನಗರದ ಸಂಬಳವನ್ನೇ ಕೊಡಬೇಕು. ನಮ್ಮ ಬೋಗಿಯನ್ನೂ ಸೇರಿಸಿದರೆ ನಮ್ಮೂರು ಆರಾಮಾಗಿ ಕಾಲು ಭಾಗ ದಾಟುತ್ತಿತ್ತು. ಮಗಳಿಗೆ ಮಾತು ಕೊಟ್ಟೆ: "ಗೆರೆ ಬದಲಾಗ್ಲಿ ಪುಟ್ಟಿ, ನಾನು ಇಲ್ಲೇ ಕೆಲಸಕ್ಕೆ ಸೇರ್ತೀನಿ. ದಿನಾ ನಾನೇ ಜಡೆ ಹಾಕ್ತೀನಿ."

ಅದಕ್ಕಾಗಿ ನಡೆಸಿದ ಗಣತಿಯ ನಮೂನೆಗಳು ವಿಳಾಸ ಹಿಡಿದು ಅಣ್ಣನ ಮನೆಗೇ ಹೋದವು. ಭಾನುವಾರ ಅವನು ಕಟ್ಟನ್ನು ಬಗಲಲ್ಲಿಟ್ಟುಕೊಂಡು ಬಂದ.

"ಎಲ್ಲಿ ಮಲಗ್ತೀರಿ, ಎಲ್ಲಿ ದುಡೀತೀರಿ ಅಂತ ಕೇಳಿದಾರೆ. ಎಲ್ರ ಸೈನೂ ಹಾಕಿಸ್ಕೊಡು, ಉಳಿದಿದ್ದು ನಾನು ತುಂಬ್ತೀನಿ. ನೀವು ಏನೋ ಗೀಚಿ ತಪ್ಪು ಮಾಡ್ಬೇಡಿ."

"ಮಲಗೋದು ನಮ್ಮೂರಲ್ಲಿ ಅಂತಾನೇ ಬರೀತೀಯ ತಾನೆ? ಹೋಟೆಲಿಗೆ ಗೊತ್ತಾದ್ರೆ?"

"ಇದೆಲ್ಲ ಗುಟ್ಟಾಗಿರುತ್ತೆ ಕಣೇ. ನಿನ್ನ ಮಗಳು ನನಗೂ ಮಗಳಲ್ವಾ?"

ನನಗೆ ಅಷ್ಟೇ ಸಾಕಾಯಿತು. ಮರುದಿನ ಬೋಗಿಯಲ್ಲಿ ನಮೂನೆ ಹಂಚಿದೆ. ಹೋಟೆಲಿನ ಸಮವಸ್ತ್ರಗಳಿಗೆ ಗುಂಡಿ ಹೊಲಿಯುವ ಗುಂಡಿ ಅಕ್ಕ ದಿನಾ ನನಗಾಗಿ ಕಿಟಕಿ ಪಕ್ಕದ ಜಾಗ ಹಿಡಿದಿಡುವವಳು. "ಖಾಲಿ ಕಾಗದಕ್ಕೆ ಸೈನಾ?" ಎಂದು ಹುಬ್ಬೇರಿಸಿದಳು.

"ಬೇರೆ ಯಾರೋ ಅಲ್ಲ ಅಕ್ಕ, ನನ್ನಣ್ಣ" ಎಂದೆ. ಅವಳು ಹಾಕಿದಳು. ಅವಳು ಹಾಕಿದ್ದು ನೋಡಿ ಉಳಿದವರೂ ಹಾಕಿದರು.

ಹೊಸ ವಲಯದ ಪಟ್ಟಿ ಬಂದಾಗ ನಮ್ಮೂರು ಹೊರಗೇ ಇತ್ತು. ಸ್ವಲ್ಪದರಲ್ಲಿ ತಪ್ಪಿತಂತೆ. ಮೂರನೇ ದಿನ ರಜೆ ಹಾಕಿ, ಅರ್ಧ ಸಂಬಳವಾದರೂ ಸರಿ, ಕೆಲಸ ಕೇಳಿಯೇ ಬಿಡೋಣವೆಂದು ಲಾಂಡ್ರಿಗೆ ಹೋದೆ. ಅಂಗಳದಲ್ಲಿ ಹೊಸ ಮಷೀನುಗಳನ್ನು ಇಳಿಸುತ್ತಿದ್ದರು. ಒಳಗೆ ಯಜಮಾನರ ಪಕ್ಕದ ಕುರ್ಚಿಯಲ್ಲಿ ಅಣ್ಣ ಕೂತಿದ್ದ. "ನಮ್ಮ ಹೊಸ ಪಾಲುದಾರರು" ಎಂದು ಯಜಮಾನರು ನನಗೇ ಪರಿಚಯ ಮಾಡಿಕೊಟ್ಟರು!

ಅಣ್ಣ ನನ್ನನ್ನು ಹೊರಗೆ ಕರೆದುಕೊಂಡು ಬಂದ.

"ನಾವು ಎಲ್ಲಿ ಮಲಗ್ತೀವಿ ಅಂತ ಬರೆದೆ?" ಎಂದು ಕೇಳಿದೆ.

"ನನ್ನ ಮನೇಲಿ ಅಂತ. ಇಷ್ಟು ವರ್ಷ ನೀವೂ ಅದನ್ನೇ ಬರೀತಿದ್ರಲ್ಲ? ನೋಡು, ಇಲ್ಲೂ ನಗರದ ಸಂಬಳ ಕೊಡೋದಾದ್ರೆ ಕೊಳೆ ಬಟ್ಟೇನ ಅಷ್ಟು ದೂರದಿಂದ ಯಾರು ಹೊತ್ಕೊಂಡು ಬರ್ತಾರೆ? ಲಾಂಡ್ರಿ ಮುಚ್ಚೋದು, ನಾನು ಹಾಕಿದ ದುಡ್ಡೂ ಹೋಗೋದು." ಆಮೇಲೆ ದನಿ ಇಳಿಸಿದ. "ನೀನು ಇಲ್ಲಿ ಮೇಲ್ವಿಚಾರಕಿ ಆಗು. ಮಗು ಜೊತೆ ಇರ್ಬೋದು."

ಸುಳ್ಳೇಕೆ ಹೇಳಲಿ, ಜಡೆ ನೆನಪಾಗಿ ಒಂದು ಗಳಿಗೆ ಹೂಂ ಅಂದುಬಿಡೋಣ ಅನ್ನಿಸಿತು. ಮರುಗಳಿಗೆ ಮೈಯೆಲ್ಲ ಉರಿಯಿತು. ಪರರಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಒಡಹುಟ್ಟಿದವನು ನಂಬಿಸಿ ಕತ್ತು ಕೊಯ್ದಿದ್ದ, ಅದೂ ನನ್ನ ಕೈಯಿಂದಲೇ ನಲವತ್ತೆರಡು ಜನರ ಕತ್ತನ್ನು.

"ನಿನ್ನ ಕುರ್ಚಿ ನಿನಗೇ ಇರ್ಲಿ" ಎಂದು ಬಂದುಬಿಟ್ಟೆ.

ಮರುದಿನ ಬೋಗಿಯಲ್ಲಿ ಎಲ್ಲ ಹೇಳಿದೆ, ಒಂದು ಮಾತನ್ನೂ ಬಚ್ಚಿಡಲಿಲ್ಲ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬರೆದೋನು ನಿನ್ನಣ್ಣ, ಸರಿ" ಎಂದಳು ಗುಂಡಿ ಅಕ್ಕ. "ಸೈನ್ ಹಾಕಿಸ್ಕೊಂಡೋಳು?" ತೊಡೆಯ ಮೇಲಿದ್ದ ಚೀಲವನ್ನು ಎತ್ತಿ ಕಿಟಕಿ ಪಕ್ಕದ ಜಾಗದಲ್ಲಿಟ್ಟಳು. ನಾನು ನಗರದವರೆಗೂ ನಿಂತೇ ಹೋದೆ.

ಸಂಜೆ ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ಬೆನ್ನು ತಿರುಗಿಸಿ ನಿಂತಳು. ಸೊಟ್ಟಗಾದರೂ ಉದ್ದಕ್ಕೆ ಹೆಣೆದ ಜಡೆ.

"ನೋಡಮ್ಮ, ನಾನೇ ಕಲಿತೆ. ಇನ್ಮೇಲೆ ನೀನು ಹಾಕೋದೇ ಬೇಡ."

ತುದಿಯ ರಿಬ್ಬನ್ ಸಡಿಲವಾಗಿತ್ತು. ಬಿಗಿ ಮಾಡೋಣವೆಂದು ಕೈ ಚಾಚಿದೆ. ಅವಳು ಪಕ್ಕಕ್ಕೆ ಸರಿದು, "ಮುಟ್ಬೇಡಮ್ಮ, ಕೆಡುತ್ತೆ" ಎಂದಳು.