ಕೊಳೆ ನೋಡಿ ಆರಿಸಿದ ಬೀಜಗಣಿತ

ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕಗಳನ್ನು ಸರಿಮಾಡುತ್ತ ಇಪ್ಪತ್ತೆರಡು ವರ್ಷ ಕಳೆದವಳಿಗೆ ಅಂಟಕ್ಕ ಎಂಬ ಹೆಸರು ಯಾರಿಟ್ಟರೋ ಗೊತ್ತಿಲ್ಲ. ಬೆರಳಿಗೆ ಸದಾ ಮೆತ್ತಿಕೊಂಡಿರುತ್ತಿದ್ದ ಗೋಂದಿನಿಂದ ಬಂದಿರಬೇಕು. ಈಗ ಆ ದುರಸ್ತಿ ವಿಭಾಗವನ್ನೇ ವರ್ಷದ ಕೊನೆಗೆ ಮುಚ್ಚುವುದಾಗಿ ಸುತ್ತೋಲೆ ಬಂದಿತ್ತು. ಅಷ್ಟರೊಳಗೆ ಕಾಲೇಜು ಸೇರಿದವರಿಗೆ ಮೇಲಿನ ಮಹಡಿಯಲ್ಲಿ ಒಂದು ಮೇಜು, ಸೇರದವರಿಗೆ ಮನೆ. ಸಂಜೆ ಕಾಲೇಜಿನವರು ಸೀಟು ಕೊಡಲು ತಯಾರಿದ್ದರು, ಬೀಜಗಣಿತದ ಪ್ರವೇಶ ಪರೀಕ್ಷೆಯೊಂದನ್ನು ಪಾಸು ಮಾಡಿದರೆ. ಅಂಟಕ್ಕ ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದಳು. ಮೂರನೆಯದೇ ಕೊನೆಯ ಅವಕಾಶ. ಅದಕ್ಕೆ ಎಂಟು ವಾರವಿತ್ತು.

ಟ್ಯೂಷನ್ನಿನ ವೇಳೆ ಅವಳ ಕೆಲಸದ ವೇಳೆಗೆ ಹೊಂದಲಿಲ್ಲ. ತಾನೇ ಓದಿಕೊಳ್ಳಬೇಕು. ಹಾಗೆಂದು ಮೊದಲ ಎರಡು ವಾರ ಅವಳು ಬೀಜಗಣಿತವನ್ನೇನೂ ಓದಲಿಲ್ಲ. ಅದನ್ನು ಎಲ್ಲಿಂದ ಓದಬೇಕೆಂಬುದನ್ನು ಓದಿದಳು. ಮೊಬೈಲಿನಲ್ಲಿ ಒಬ್ಬ ಮೇಷ್ಟ್ರು ಹತ್ತೇ ದಿನದಲ್ಲಿ ಎಲ್ಲ ಕಲಿಸುವುದಾಗಿ ಹೇಳುತ್ತಿದ್ದರು. ಇನ್ನೊಬ್ಬರು, ಹತ್ತು ದಿನದಲ್ಲಿ ಕಲಿಸುತ್ತೇವೆನ್ನುವವರನ್ನು ನಂಬಲೇಬೇಡಿ ಎನ್ನುತ್ತಿದ್ದರು. ಇಬ್ಬರ ಮಾತೂ ಸರಿಯೆನಿಸಿ ಇಬ್ಬರ ವಿಡಿಯೋಗಳನ್ನೂ ಉಳಿಸಿಕೊಂಡಳು. ಅವು ನೂರಾ ನಲವತ್ತಾದಾಗ ಗೆರೆ ಹಾಕಿ ಒಂದು ಪಟ್ಟಿ ಮಾಡಿದಳು. ಪಟ್ಟಿ ಬಲು ಅಂದವಾಗಿ ಬಂತು. ಅದನ್ನು ನೋಡಿದರೆ ಅರ್ಧ ಓದಿ ಮುಗಿಸಿದಷ್ಟು ಸಮಾಧಾನವಾಗುತ್ತಿತ್ತು.

"ಇದೇನೇ, ಮನೆ ಖಾಲಿ ಮಾಡ್ತಿದ್ದೀವಾ? ಸಾಮಾನಿನ ಪಟ್ಟಿ ಬರೆದ ಹಾಗೆ ಬರೀತಾ ಇದ್ದೀಯ," ಎಂದರು ಅತ್ತೆ. ಅತ್ತೆಗೆ ಪತ್ತೇದಾರಿ ಕಾದಂಬರಿಗಳ ಹುಚ್ಚು. ಕೊನೆಯ ಪುಟವನ್ನು ಮೊದಲು ಓದಿ, ಕೊಂದವನು ಯಾರೆಂದು ತಿಳಿದುಕೊಂಡು, ಆಮೇಲೆ ನೆಮ್ಮದಿಯಿಂದ ಮೊದಲ ಪುಟಕ್ಕೆ ಬರುವವರು.

"ಆರಿಸ್ತಾ ಇದ್ದೀನಿ ಅತ್ತೆ. ತಪ್ಪು ಪುಸ್ತಕ ಹಿಡಿದ್ರೆ ಎಲ್ಲ ಹೋಯ್ತು."

"ಅವತ್ತು ಇಷ್ಟು ಆರಿಸಿದ್ರೆ ನನ್ನ ಮಗನ್ನ ಒಪ್ತಾನೇ ಇರಲಿಲ್ಲ ನೀನು."

ಮೂರನೆಯ ವಾರ ಅಂಟಕ್ಕ ತನಗೆ ಗೊತ್ತಿರುವ ಒಂದೇ ವಿದ್ಯೆಯ ಮೊರೆ ಹೋದಳು. ಮುಚ್ಚಿದ ಪುಸ್ತಕದ ಅಂಚನ್ನು ಬೆಳಕಿಗೆ ಹಿಡಿದರೆ ಜನ ಎಲ್ಲಿಯವರೆಗೆ ಓದಿದ್ದಾರೆಂದು ಅವಳು ಹೇಳಬಲ್ಲಳು. ಬೆರಳು ಆಡಿದಷ್ಟು ಪುಟಗಳ ಅಂಚು ಕಂದಾಗಿರುತ್ತದೆ, ಮುಂದಿನದು ಹೊಸತರಂತೆ ಬೆಳ್ಳಗಿರುತ್ತದೆ. ಮುನ್ನುಡಿ ಬರೆದವರು ಏನಾದರೂ ಹೇಳಲಿ, ಕೊಳೆ ಸುಳ್ಳು ಹೇಳುವುದಿಲ್ಲ ಎಂಬುದು ಅವಳ ನಂಬಿಕೆ.

ಗ್ರಂಥಾಲಯದಲ್ಲಿದ್ದ ಹದಿನೈದು ಬೀಜಗಣಿತದ ಪುಸ್ತಕಗಳನ್ನು ತಂದು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಳು. ಹದಿನಾಲ್ಕರಲ್ಲಿ ಕೊಳೆ ಮೂರನೆಯ ಪಾಠಕ್ಕೆ ನಿಂತಿತ್ತು. ಓದುಗರೆಲ್ಲ ಮಾತಾಡಿಕೊಂಡು ಅಲ್ಲೇ ಇಳಿದು ಹೋದಂತೆ. ಹದಿನೈದನೆಯದು ಮಾತ್ರ ಬೇರೆ. ಹಸಿರು ರಟ್ಟಿನ ಆ ದಪ್ಪ ಪುಸ್ತಕದ ಮೊದಲ ಪಾಠಗಳಲ್ಲೂ ಕೊಳೆ ಇತ್ತು, ಕೊನೆಯ ಪುಟಗಳಲ್ಲಿ ಅದಕ್ಕಿಂತ ಹೆಚ್ಚಿತ್ತು. ನಡುವೆ ಬೆಳ್ಳಗಿದ್ದುದನ್ನು ಅವಳು ಗಮನಿಸದೇ ಇರಲಿಲ್ಲ. ಬೆರಳು ನಿಲ್ಲಲು ಪುರುಸೊತ್ತಿಲ್ಲದಷ್ಟು ಸರಾಗವಾಗಿ ಓದಿಸಿಕೊಂಡು ಹೋಗಿರಬೇಕು ಎಂದುಕೊಂಡಳು.

ಪುಸ್ತಕದ ಬೆನ್ನು ಸಡಿಲವಾಗಿತ್ತು. ಅದನ್ನು ಹೊಲಿದು, ಗೋಂದು ಹಚ್ಚಿ, ಒಣಗಿಸಲು ಮೂರು ದಿನ ಹಿಡಿಯಿತು. ವಿಷಯಸೂಚಿ ಎಂದೋ ಕಿತ್ತುಹೋಗಿತ್ತು. ಮುಂದಿನ ಪಾಠಗಳ ಮೇಲೆ ಅಕಸ್ಮಾತ್ ಕಣ್ಣು ಬಿದ್ದರೆ ಎದೆ ಒಡೆದೀತೆಂದು ಓದದ ಪುಟಗಳಿಗೆಲ್ಲ ರಬ್ಬರ್ ಬ್ಯಾಂಡ್ ಹಾಕಿದಳು. ನಾಲ್ಕನೆಯ ವಾರ, ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ, ಅಡುಗೆಮನೆಯ ಮೇಜಿನ ಮೇಲೆ ಓದು ಶುರುವಾಯಿತು.

ಸರಾಗವೇನೂ ಇರಲಿಲ್ಲ. ಮೂರನೆಯ ಪಾಠದ ವರ್ಗಸಮೀಕರಣ ಅವಳನ್ನು ಐದು ದಿನ ಅಳಿಸಿತು. ಆದರೆ ಅಷ್ಟು ಜನ ದಾಟಿಹೋದ ಜಾಗದಲ್ಲಿ ತಾನೊಬ್ಬಳೇ ಕೂತುಬಿಡುವುದೇ? ಹೆಸರಿಲ್ಲದ ಆ ಬೆರಳುಗಳ ಮುಂದೆ ಅವಳಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆಯಿಂದಲೇ ನಾಲ್ಕನೆಯ ಪಾಠಕ್ಕೆ ಹೋದಳು, ಐದಕ್ಕೆ ಹೋದಳು. ಉತ್ತರ ಸರಿಯೇ ಎಂದು ಹೇಳುವವರಿರಲಿಲ್ಲ. ಹಾಗಾಗಿ ಸಿಕ್ಕ ಬೆಲೆಯನ್ನು ಮತ್ತೆ ಸಮೀಕರಣದೊಳಗೆ ಹಾಕಿ, ಎರಡೂ ಕಡೆ ಸಮ ಬರುತ್ತದೆಯೇ ಎಂದು ಪ್ರತಿಯೊಂದನ್ನೂ ನೋಡುತ್ತಿದ್ದಳು. ಸಮ ಬಂದರೂ ಇನ್ನೊಮ್ಮೆ ನೋಡುತ್ತಿದ್ದಳು. ಹೀಗೆ ಹನ್ನೆರಡರಲ್ಲಿ ಒಂಬತ್ತು ಪಾಠ ಮುಗಿದವು.

ಪರೀಕ್ಷೆಗೆ ಆರು ದಿನವಿದ್ದಾಗ, ಓದಲು ಬೇರೇನೂ ಸಿಗದ ಅತ್ತೆ ಆ ರಬ್ಬರ್ ಬ್ಯಾಂಡ್ ಬಿಚ್ಚಿ ತಮ್ಮ ರೂಢಿಯಂತೆ ಹಿಂದಿನಿಂದ ಶುರುಮಾಡಿದರು.

"ಇದರಲ್ಲಿ ಕೊಂದವರು ಯಾರೂಂತ ನಂಬರ್ ಹಾಕಿ ಬರೆದುಬಿಟ್ಟಿದಾರಲ್ಲೇ. ಮೂವತ್ತು ಪುಟ ಬರೀ ಉತ್ತರ."

ಅಂಟಕ್ಕ ಪುಸ್ತಕ ಕಿತ್ತುಕೊಂಡು ನೋಡಿದಳು. ಕಂದಾಗಿದ್ದುದು ಆ ಮೂವತ್ತು ಪುಟಗಳೇ. ಇಲ್ಲೂ ಎಲ್ಲರೂ ಮೂರನೆಯ ಪಾಠದಲ್ಲೇ ಇಳಿದಿದ್ದರು. ಇಳಿಯುವ ಮುಂಚೆ ಹಿಂಬಾಗಿಲಿಗೆ ಹೋಗಿ ಉತ್ತರ ಇಣುಕಿ ಬಂದಿದ್ದರು, ಅಷ್ಟೆ. ಈ ಪುಸ್ತಕವನ್ನು ಯಾರೂ ಓದಿ ಮುಗಿಸಿರಲಿಲ್ಲ.

ಇಪ್ಪತ್ತೆರಡು ವರ್ಷದ ಕಸುಬು ಕೈಕೊಟ್ಟಿತ್ತು. ಮರುದಿನ ಬೇರೆ ನಾಲ್ಕು ಪುಸ್ತಕ ಹೊತ್ತು ತಂದಳು, ನೂರಾ ನಲವತ್ತು ವಿಡಿಯೋಗಳ ಪಟ್ಟಿ ತೆಗೆದಳು, ಎರಡು ಬೆಳಗು ಅವುಗಳನ್ನು ಹೋಲಿಸುವುದರಲ್ಲೇ ಹೋಯಿತು.

"ಮತ್ತೆ ಶುರುವಾಯ್ತಾ?" ಎಂದರು ಅತ್ತೆ.

"ಆ ಪುಸ್ತಕ ಯಾರ ಕೈಲೂ ಓದೋಕಾಗಲ್ಲ ಅತ್ತೆ. ಅಂಚೇ ಹೇಳುತ್ತೆ."

"ಹಾಗಾದ್ರೆ ಒಂಬತ್ತು ಪಾಠ ಮುಗಿಸಿದ್ದು ಯಾರು, ನಾನಾ?"

"ಅದು ಬೇರೆ. ಆಗ ನನಗೆ ಗೊತ್ತಿರಲಿಲ್ಲ."

"ಗೊತ್ತಿಲ್ದೆ ಮಾಡಿದ್ರೆ ಲೆಕ್ಕ ತಪ್ಪಾಗ್ಬಿಡುತ್ತಾ?"

ಅಂಟಕ್ಕ ಈ ಮಾತಿನಲ್ಲಿ ಏನಾದರೂ ಹುಳುಕಿದೆಯೇ ಎಂದು ಬಸ್ಸಿನಲ್ಲಿ ನಿಂತುಕೊಂಡು ಪ್ರಾಮಾಣಿಕವಾಗಿ ಹುಡುಕಿದಳು. ಸಿಗಲಿಲ್ಲ. ನಾಲ್ಕು ಪುಸ್ತಕಗಳನ್ನು ಹಿಂದಿರುಗಿಸಿ, ಉಳಿದ ದಿನಗಳಲ್ಲಿ ಅದೇ ಒಂಬತ್ತು ಪಾಠಗಳ ಲೆಕ್ಕಗಳನ್ನು ಮತ್ತೆ ಮಾಡಿದಳು. ಕೊನೆಯ ಮೂರು ಪಾಠಗಳ ತಂಟೆಗೆ ಹೋಗಲಿಲ್ಲ.

ಪರೀಕ್ಷೆಯಲ್ಲಿ ಇಪ್ಪತ್ತು ಪ್ರಶ್ನೆಗಳು, ಪಾಸಾಗಲು ಹನ್ನೆರಡು ಸರಿಯಿರಬೇಕು. ಆರು ಪ್ರಶ್ನೆಗಳು ಅವಳು ನೋಡದ ಪಾಠಗಳವು, ಅವನ್ನು ಬಿಟ್ಟಳು. ಉಳಿದ ಹದಿನಾಲ್ಕನ್ನು ಮಾಡಿ, ಪ್ರತಿಯೊಂದರ ಬೆಲೆಯನ್ನೂ ಒಳಗೆ ಹಾಕಿ ನೋಡಿದಳು. ಹೊರಗೆ ಬಂದು ಅತ್ತೆಗೆ ಫೋನ್ ಮಾಡಿ, "ಫೇಲ್ ಅನ್ಸುತ್ತೆ," ಎಂದಳು.

ಹದಿಮೂರು ಸರಿಯಿದ್ದವು. ಫಲಿತಾಂಶದ ದಿನ ಕಿಟಕಿಯೊಳಗಿನ ಗುಮಾಸ್ತ ತಲೆ ಎತ್ತದೆ ಪ್ರವೇಶದ ಚೀಟಿಗೆ ಮೊಹರು ಹಾಕಿ ಕೊಟ್ಟ. ಅವಳು ಅದನ್ನು ಮೂರು ಸಲ ಓದುವಷ್ಟರಲ್ಲಿ ಹಿಂದೆ ನಿಂತಿದ್ದ ಹೆಂಗಸು ಭುಜ ತಟ್ಟಿದಳು. ನರ್ಸಿನ ಸಮವಸ್ತ್ರ, ಕೈಯಲ್ಲಿ ಮುಂದಿನ ಪರೀಕ್ಷೆಯ ಅರ್ಜಿ.

"ಪಾಸಾದ್ರಾ ಅಕ್ಕ? ಟ್ಯೂಷನ್ ಎಲ್ಲಿ?"

"ಮನೇಲೇ ಓದ್ಕೊಂಡೆ."

"ಯಾವ ಪುಸ್ತಕ ಅಂತ ಹೇಳಿ, ಪುಣ್ಯ ಬರುತ್ತೆ. ನನ್ನ ಹತ್ರ ಆರಿವೆ, ಒಂದ್ರಲ್ಲೂ ಮೂರನೇ ಪಾಠ ದಾಟೋಕಾಗಿಲ್ಲ. ನಿಮ್ಮದನ್ನ ಯಾರಾದ್ರೂ ಪೂರ್ತಿ ಓದಿದಾರಾ?"

ಅಂಟಕ್ಕನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ನಿಜ ಹೇಳಿದರೆ ಈಕೆ ಏಳನೆಯ ಪುಸ್ತಕ ಹುಡುಕಲು ಹೋಗುತ್ತಾಳೆಂಬುದೂ ಕಾಣುತ್ತಿತ್ತು. ಅವಳು ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

"ಕೊನೇ ಪುಟಗಳೇ ಎಲ್ಲಕ್ಕಿಂತ ಹೆಚ್ಚು ಕೊಳೆಯಾಗಿವೆ ಕಣ್ರೀ," ಎಂದಳು. "ಗ್ರಂಥಾಲಯಕ್ಕೆ ಬಂದಾಗ ನೀವೇ ಅಂಚು ನೋಡಿ."

ನರ್ಸಿನ ಮುಖ ಅರಳಿತು. ಅವಳು ಅರ್ಜಿಯ ಹಿಂಬದಿಯಲ್ಲೇ ಬರೆದುಕೊಳ್ಳತೊಡಗಿದಳು. ಪುಸ್ತಕದ ಹೆಸರು ತಪ್ಪಾಗಬಾರದೆಂದು ಅಂಟಕ್ಕ ಎರಡು ಸಲ ನಿಧಾನವಾಗಿ ಹೇಳಿದಳು, ಕಪಾಟಿನ ಸಂಖ್ಯೆಯನ್ನೂ ಬರೆಸಿದಳು.