ಪಿ. ಕಣ್ಣಮ್ಮ ಯಾರು?

ಸೇಲಂನ ನಮ್ಮ ವಿಶ್ವವಿದ್ಯಾಲಯದ ಅಥ್ಲೆಟಿಕ್ಸ್ ತಂಡಕ್ಕೆ ಇಪ್ಪತ್ತಾರು ವರ್ಷದ ಇತಿಹಾಸವಿದೆ. ಅದರಲ್ಲಿ ಹೇಳಿಕೊಳ್ಳುವಂಥ ಪದಕ ಒಂದೇ. ಉಳಿದದ್ದೆಲ್ಲ ರೈಲು ಹತ್ತಿ ಹೋಗಿ, ಕೊನೆಯವರಾಗಿ ಓಡಿ, ಬಿಸ್ಕತ್ತು ತಿಂದು ಬಂದ ಕಥೆ. ಐದು ಸಾವಿರ ಮೀಟರಿನ ಆ ಕಂಚನ್ನು ಅಂತರ ವಿಶ್ವವಿದ್ಯಾಲಯ ಕೂಟದಿಂದ ತಂದವಳು ಕಣ್ಣಮ್ಮ, ಮಾರಂಡಹಳ್ಳಿ ಕಡೆ ಕುರಿ ಸಾಕುವ ಬೀರಪ್ಪನ ಮಗಳು. ಅವಳ ತರಬೇತುದಾರ ನಾನು, ರಾಜಗೋಪಾಲ್. ಅವಳನ್ನು ಹಾಳು ಮಾಡಿದವನೂ ನಾನೇ.

ಆ ಕೂಟದ ಅರ್ಜಿಯನ್ನು ತಮಿಳಿನಲ್ಲಿ ತುಂಬಿದವನು ನಾನು. ನನ್ನ ಮನೆಮಾತು ಕನ್ನಡ, ಕಲಿತ ಅಕ್ಷರ ತಮಿಳು. ಆ ಲಿಪಿಯಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ಅಪ್ಪನ ಹೆಸರಿನ ಜಾಗದಲ್ಲಿ ನಾನು ಬೀರಪ್ಪ ಎಂದು ಬರೆದೆ, ನಮ್ಮ ಕಚೇರಿಯವರು ಪೀರಪ್ಪ ಎಂದು ಓದಿದರು. ನಮ್ಮ ಕಡೆ ಅಪ್ಪನ ಹೆಸರಿನ ಮೊದಲಕ್ಷರವೇ ಇನಿಷಿಯಲ್. ಪದಕದ ಸರ್ಟಿಫಿಕೇಟು ಇಂಗ್ಲಿಷಿನಲ್ಲಿ ಪಿ. ಕಣ್ಣಮ್ಮ ಎಂದು ಬಂತು. ಹತ್ತನೇ ತರಗತಿಯ ಸರ್ಟಿಫಿಕೇಟಿನಲ್ಲಿ ಅವಳು ಬಿ. ಕಣ್ಣಮ್ಮ. ನಾನು ನೋಡಿಯೂ ಇನಿಷಿಯಲ್ ತಾನೇ ಎಂದು ಸುಮ್ಮನಾದೆ. ನನ್ನ ಸೋಮಾರಿತನಕ್ಕಿಷ್ಟು ಬೆಂಕಿ ಹಾಕ.

ಈಗ ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸ ಬಂದಿದೆ. ಮುಂದಿನ ವರ್ಷ ಅವಳ ವಯಸ್ಸು ಮೀರುತ್ತದೆ. ದಾಖಲೆ ಪರಿಶೀಲನೆಯಲ್ಲಿ ಪೊಲೀಸ್ ಇಲಾಖೆಯವರು, ಈ ಪಿ. ಕಣ್ಣಮ್ಮ ನೀನಲ್ಲ, ಶುಕ್ರವಾರದೊಳಗೆ ತಿದ್ದಿಸಿ ತಾ ಎಂದುಬಿಟ್ಟರು.

ಗುರುವಾರ ಅಪ್ಪ, ಮಗಳು, ನಾನು ನಮ್ಮ ವಿಶ್ವವಿದ್ಯಾಲಯದ ಕಚೇರಿಯಲ್ಲಿ ನಿಂತಿದ್ದೆವು. ಗುಮಾಸ್ತ ಸೆಲ್ವಂ ಹಳೆಯ ಅರ್ಜಿ ತೆಗೆದು ತೋರಿಸಿದ.

"ನೀವು ಬರೆದಿರೋದು ಪೀರಪ್ಪ ಅಂತಲೇ ಸಾರ್. ತಿದ್ದಬೇಕಾದರೆ ಕಮಿಟಿ ಕೂರಬೇಕು. ಅದು ಮುಂದಿನ ತಿಂಗಳು."

"ಅದು ಬೀರಪ್ಪ ಕಣಯ್ಯಾ, ಬೀರಪ್ಪ!" ಎಂದು ಮೇಜು ಗುದ್ದಿದೆ. ಕಾಗದದಲ್ಲಿ ಅದು ಹೇಗಿತ್ತೋ ಹಾಗೇ ಇತ್ತು.

ಗೋಡೆಗೆ ಒರಗಿದ್ದ ಬೀರಪ್ಪ ಮುಂದೆ ಬಂದ. ಮನೆದೇವರ ಹೆಸರು ಹೊತ್ತ ಮನುಷ್ಯ. ಆ ಹೆಸರಿನ ಮೇಲೆ ಆಣೆ ಇಟ್ಟರೆ ಊರಲ್ಲಿ ಎರಡು ಮಾತಿಲ್ಲ.

"ಸಾಮಿ, ನಾನು ಪೀರಪ್ಪಾನೇ. ಇವತ್ತಿಂದ ಅಂಗೇ ಕರೀರಿ. ಎಲ್ಲಿ ಬೇಕೋ ಅಲ್ಲಿ ಎಬ್ಬೆಟ್ಟು ಒತ್ತುತೀನಿ. ಮಗಳ್ಗೆ ಕೆಲ್ಸ ಒಂದು ಆಗ್ಲಿ."

ಹೆಸರು ಬದಲಿಸಿದ್ದು ಗೆಜೆಟ್‌ನಲ್ಲಿ ಬರಲು ಇನ್ನೂ ತಡವಾಗುತ್ತದೆ ಎಂದು ಸೆಲ್ವಂ ಮೆಲ್ಲಗೆ ಹೇಳಿದ. ಬೀರಪ್ಪನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. "ಪೀರಪ್ಪ, ಪೀರಪ್ಪ" ಎಂದು ಬಾಯಲ್ಲೇ ರೂಢಿ ಮಾಡಿಕೊಳ್ಳುತ್ತಿದ್ದ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಕಣ್ಣಮ್ಮ ಅಪ್ಪನ ತೋಳು ಹಿಡಿದಳು. "ಸಾಕು ಬಾಪ್ಪಾ. ನಾನು ಓಡೇ ಇಲ್ಲ ಅನ್ಕೊ. ಬಸ್ಸು ಐತೆ, ಓಗಾನ."

ಬಾಗಿಲಲ್ಲಿ ನನ್ನ ಕಡೆ ತಿರುಗಿದಳು. ಬೈಯಲಿ ಎಂದು ಕಾದೆ. ಬೈದಿದ್ದರೆ ಹೇಗೋ ಬದುಕಿಕೊಳ್ಳುತ್ತಿದ್ದೆ.

"ಒತ್ತಾಯ್ತು, ಊಟ ಮಾಡೋಗಿ ಸಾರ್," ಎಂದಳು.