ಮರದ ಆಲ

ಶ್ರೀಗೌರಿಗೆ ಹಕಾರದ ಮೇಲೆ ಬಲು ಅಭಿಮಾನ. ಹೊಳೆನರಸೀಪುರದ ಕನ್ನಡ ಮೇಷ್ಟ್ರ ಮಗಳಲ್ಲವೇ, ಪಕ್ಕದ ಎಲೆಯವರು 'ಆಲು ಬಡಿಸಿ' ಅಂದರೆ ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು. ಎರಡು ಸಾವಿರದ ಇಸವಿಯಲ್ಲಿ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವಾಗ ಅರಕಲಗೂಡು ತಾಲ್ಲೂಕು ಕಚೇರಿಗೆ ಗುತ್ತಿಗೆಯ ಮೇಲೆ ಸೇರಿದಳು. ಹಳೆ ಪುಸ್ತಕದಲ್ಲಿ ಒನ್ನಕ್ಕ, ಅನುಮಯ್ಯ ಅಂತ ಆಡಿದಂತೆಯೇ ಬರೆದದ್ದು ಕಂಡು ಅವಳ ಮೈ ಉರಿಯಿತು. ಹೊನ್ನಕ್ಕ, ಹನುಮಯ್ಯ ಎಂದು ತಿದ್ದಿಕೊಂಡೇ ಹೋದಳು. ತಿದ್ದೆಂದು ಯಾರೂ ಹೇಳಿರಲಿಲ್ಲ.

ಎರಡು ವರ್ಷದ ಮೇಲೆ ಮಲ್ಲಿಪಟ್ಟಣದ ಕಡೆಯ ಮುದುಕಿಯೊಬ್ಬಳು ಪಹಣಿ ಹಿಡಿದು ಕಿಟಕಿಗೆ ಬಂದಳು.

"ನನ್ ಎಸ್ರು ಆಲಮ್ಮ ಕಣವ್ವ. ಇದ್ರಾಗೆ ಆಲಮ್ಮ ಅಂತ ಬರ್ದವ್ರೆ. ತಿದ್ಕೊಡು."

"ಹಾಲಮ್ಮ ಅಂತಲೇ ಇದೆಯಲ್ಲ ಅಜ್ಜಿ, ಸರಿಯಾಗಿದೆ."

"ಅದೇ ನಾನೇಳಾದು. ಆಲಮ್ಮ ಅಲ್ಲ, ಆಲಮ್ಮ!"

ಸಾಲಿನಲ್ಲಿದ್ದವರು ಗೊಳ್ಳೆಂದರು. ಮುದುಕಿ ನಗಲಿಲ್ಲ. "ಕುಡಿಯೋ ಆಲಲ್ಲ ಕಣ್ ಮಗ, ಮರದ ಆಲ! ನಾನ್ ಉಟ್ಟಿದ್ದೇ ಆಲದ್ ಮರದಡಿ. ಕುಡಿಯೋ ಆಲಮ್ಮ ನನ್ ಸವ್ತಿ. ಕಂಪೂಟ್ರೇ ಏಳ್ತದೆ ಅಂತ ಅವ್ಳ ಮಕ್ಳು ನನ್ ವಲ ಉಳ್ತಾವ್ರೆ. ನಂಗಿರಾದೇ ಅದೊಂದ್ ಅರ್ಧ ಎಕ್ರೆ."

ಸವತಿಯರಾದ್ದರಿಂದ ಪಹಣಿಯಲ್ಲಿ ಗಂಡನ ಹೆಸರೂ ಇಬ್ಬರಿಗೂ ಸಣ್ಣಯ್ಯನೇ. ಹಾಗಾಗಿ ಒಂದಕ್ಷರದಲ್ಲೇ ಹೊಲ ಸವತಿಯ ಪಾಲಾಗಿತ್ತು. ಶ್ರೀಗೌರಿ ಹಳೆ ಪುಸ್ತಕ ತೆಗೆಸಿ ನೋಡಿದಳು. ದುಂಡಗೆ 'ಆಲಮ್ಮ' ಎಂದಿತ್ತು. ಅವಳಿಗೆ ನಾಚಿಕೆಯಾಯಿತು. ಕೈತಪ್ಪಾಗಿದ್ದರೆ ಸಮಾಧಾನ ಹೇಳಿಕೊಳ್ಳಬಹುದಿತ್ತು, ಇದು ಗೊತ್ತಿದ್ದೂ ತಿದ್ದಿದ್ದು. ಅಕ್ಷರ ಬಾರದವರ ಹೆಸರು ಅವರಿಗಿಂತ ತನಗೇ ಚೆನ್ನಾಗಿ ಗೊತ್ತೆಂದುಕೊಂಡಿದ್ದಳು.

ಪುಸ್ತಕ ತಂದ ಗ್ರಾಮಲೆಕ್ಕಿಗ ತಮ್ಮಯ್ಯ ಜನರ ಮುಖ ನೋಡಿಯೇ ಯಾವ ಹೊಲ ಯಾರದೆಂದು ಹೇಳುತ್ತಿದ್ದವನು. ಅವನು ಮೆಲ್ಲಗೆ ಹೇಳಿದ: "ಮೇಡಂ, ತಿದ್ದುಪಡಿ ಅರ್ಜಿಲಿ ತಪ್ಪಿಗೆ ಕಾರಣ 'ಅರ್ಜಿದಾರರ ಉಚ್ಚಾರಣೆ ದೋಷ' ಅಂತ ಬರ್ದುಬುಡಿ. ನಿಮ್ ಗುತ್ತಿಗೆ ಮುಂದಿನ್ ತಿಂಗ್ಳು ಮುಗೀತದೆ. ಸಾಹೇಬ್ರು ಮುಂದುವರ್ಸಬೇಕಲ್ಲ?"

ಮಾತು ಸುಳ್ಳಲ್ಲ. ಮನೆಯಲ್ಲಿ ಸಂಬಳ ತರುತ್ತಿದ್ದವಳು ಅವಳೊಬ್ಬಳೇ. ಪೆನ್ನು ಹಿಡಿದು ಹೊರಗೆ ನೋಡಿದಳು. ಕಿಟಕಿಯಾಚೆ ಆಲಮ್ಮ ಕುಕ್ಕರಗಾಲಲ್ಲಿ ಕೂತು ಎಲೆಯಡಿಕೆ ಮೆಲ್ಲುತ್ತಿದ್ದಳು. ಕೊನೆಗೆ 'ಮೂಲದಲ್ಲಿ ಸರಿಯಿದ್ದುದನ್ನು ನಾನೇ ತಪ್ಪಾಗಿ ತಿದ್ದಿದ್ದೇನೆ' ಎಂದು ಬರೆದು ಸಹಿ ಹಾಕಿದಳು.

ತಹಶೀಲ್ದಾರರು ಓದಿದರು, ಹಳೆ ಪುಸ್ತಕ ನೋಡಿದರು, ಆಲಮ್ಮನ ಹೆಸರು ಸರಿಪಡಿಸಲು ಆದೇಶ ಬರೆದರು. ಆಮೇಲೆ ಕನ್ನಡಕದ ಮೇಲಿಂದ ನೋಡಿ ಕೇಳಿದರು: "ಇದೊಂದೇ ತಾನೇ?"

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಗೊತ್ತಿಲ್ಲ ಸರ್. ಹಕಾರ ಹಾಕಿದ ಹೆಸರನ್ನೆಲ್ಲ ಊರೂರಿಗೆ ಹೋಗಿ ಕೇಳಬೇಕು."

"ಏನಂತ ಕೇಳ್ತೀಯಮ್ಮ? ಎಲ್ಲರ ಬಾಯಲ್ಲೂ ಒಂದೇ ಥರ ಬರುತ್ತೆ."

"ಹಾಲೋ, ಮರವೋ ಅಂತ ಕೇಳ್ತೀನಿ ಸರ್."